ಜವಾಬು ಕಾರ್ಡಿನ ಮೇಷ್ಟ್ರು

ನಾನು ಬಿ.ಎ. ಪಾಸು ಮಾಡುವುದು ಆಗುವ ಮಾತಲ್ಲ ಎಂದವರು ಮೂವರು.

ಮೊದಲನೆಯವನು ನನ್ನ ಸೋದರಮಾವ. ಶಿಡ್ಲಘಟ್ಟದಲ್ಲಿ ನಾಲ್ಕು ಚರಕದ ರೇಷ್ಮೆ ಬಿಚ್ಚುವ ಶೆಡ್ಡು ಅವನದು. ತಂದೆತಾಯಿ ಇಲ್ಲದ ನನ್ನನ್ನೂ ನನ್ನ ಅಜ್ಜಿಯನ್ನೂ ಆ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದ. ಇಬ್ಬರೂ ಅವನ ಬಾಣಲೆಗಳ ಮುಂದೆ ಕೂತು ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕುತ್ತಿದ್ದೆವು. “ಎಳೆ ಹುಡುಕೋ ಕೈಗೆ ಪೆನ್ನು ಯಾಕಮ್ಮ” ಎಂದ. ಎರಡನೆಯವರು ಚಿಂತಾಮಣಿಯ ಕಾಲೇಜಿನ ಗುಮಾಸ್ತರು. ಹಂಚಿನ ಕಟ್ಟಡದ ಆ ಸಣ್ಣ ಕಾಲೇಜು ಈಗಿಲ್ಲ. ಅರ್ಜಿಗೆ ಮೊಹರು ಒತ್ತುತ್ತಲೇ ಅವರು, “ಮೂರು ತಿಂಗಳು ಬರ್ತೀಯ, ನಾಲ್ಕನೇ ತಿಂಗಳು ಲಗ್ನಪತ್ರಿಕೆ ತರ್ತೀಯ. ನಾನೆಷ್ಟು ನೋಡಿಲ್ಲ” ಎಂದು ನಕ್ಕರು.

ಮೂರನೆಯವರು ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು. ಅವರು ನಗಲಿಲ್ಲ. ಸೀಮೆಸುಣ್ಣ ತಗೊಳ್ಳಲು ಆಫೀಸಿಗೆ ಬಂದವರು ಕಟಕಟೆಯ ಮೇಲಿದ್ದ ನನ್ನ ಕೈಗಳನ್ನು ನೋಡುತ್ತ ನಿಂತುಬಿಟ್ಟರು. “ತಿರುಗಿಸಮ್ಮ” ಎಂದರು. ತಿರುಗಿಸಿದೆ. ಬಾಣಲೆಯ ನೀರಿಗೆ ಬೆರಳ ತುದಿಗಳ ಚರ್ಮ ಬೆಳ್ಳಗೆ ಸುಲಿದು, ಗೆರೆಗಳೇ ಅಳಿಸಿಹೋಗಿದ್ದವು. ನನ್ನ ಮುಖವನ್ನು ಒಮ್ಮೆಯೂ ನೋಡದೆ ಗುಮಾಸ್ತರ ಕಡೆ ತಿರುಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: “ಇದು ಬರೆಯೋ ಕೈಯಲ್ಲ. ಈ ಕೈಯಲ್ಲಿ ಆಗಲ್ಲ. ನಾನು ಹೇಳಿದೀನಿ ಅಂತ ನೆನಪಿಟ್ಟುಕೊಳ್ಳಿ ಗುಮಾಸ್ತರೇ.”

ಇದು ಸಾವಿರದ ಒಂಬೈನೂರ ಅರವತ್ತರ ಮಾತು. ನನ್ನನ್ನು ಹೀಗಳೆಯುವುದಕ್ಕೆ ಸಾಕ್ಷಿ ಯಾಕೆ ಬೇಕಿತ್ತು ಎಂದು ನನಗೆ ಎರಡು ವರ್ಷ ತಿಳಿಯಲಿಲ್ಲ. ತಿಳಿದ ಮೇಲೆ, ತಿಳಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿದ್ದೂ ಉಂಟು.

ನೋಡಲು ಅವರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಬಡಕಲು ದೇಹ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಎಣ್ಣೆ ಕಾಣದ ತಲೆ. ಬಲಗೈ ಮಾತ್ರ ಯಾವಾಗಲೂ ನಡುಗುತ್ತಿತ್ತು. ಬೋರ್ಡಿನ ಮೇಲೆ ಅಕ್ಷರ ಮೂಡುವ ಮುಂಚೆ ಸೀಮೆಸುಣ್ಣ ಟಕಟಕ ಎಂದು ನಾಲ್ಕೈದು ಸಲ ಬಡಿಯುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ಅದಕ್ಕೆ ‘ತಂತಿ ಆಫೀಸು’ ಎಂದು ಹೆಸರಿಟ್ಟಿದ್ದರು. ಮೇಷ್ಟ್ರಿಗೆ ಅದು ಗೊತ್ತಿತ್ತು. ಒಮ್ಮೆ ಬೋರ್ಡಿಗೆ ಮುಖ ಮಾಡಿಕೊಂಡೇ, “ತಂತಿ ಬಂದಿದೆ, ಮೂರನೇ ಸಾಲಿನವನು ಪುಸ್ತಕ ತಂದಿಲ್ಲವಂತೆ” ಎಂದರು. ಅವನು ನಿಜಕ್ಕೂ ತಂದಿರಲಿಲ್ಲ.

ಪಾಠ ಮಾಡಲು ಸಂವಿಧಾನ, ಪಂಚಾಯಿತಿ ಎಲ್ಲ ಇದ್ದವು. ಅವರ ಜೀವ ಇದ್ದದ್ದು ಬೇರೆ ಕಡೆ: ದೇಶದೇಶಗಳ ನಡುವೆ ಓಡಾಡುವ ಸರಕು, ಅದರ ದಾರಿ, ಆ ದಾರಿ ಮುಚ್ಚಿಹೋಗುವ ಬಗೆ. ಯುದ್ಧ ಯಾಕಾಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ, ಯುದ್ಧಕ್ಕೆ ಮೊದಲು ಏನು ನಿಲ್ಲುತ್ತದೆ ಎಂದು ಯಾರೂ ನೋಡುವುದಿಲ್ಲ ಎನ್ನುವುದು ಅವರ ವಾದ. ಇಪ್ಪತ್ತು ವರ್ಷದಿಂದ ಅದರ ಮೇಲೆ ಒಂದು ದೊಡ್ಡ ಪ್ರಬಂಧ ಬರೆಯುತ್ತಿದ್ದರು. ಅರ್ಧ ಬರೆದಾಗ ಬೆಂಗಳೂರಿನ ದೊಡ್ಡ ವಿದ್ವಾಂಸರೊಬ್ಬರಿಗೆ ತೋರಿಸಿದರಂತೆ. “ಇದು ಶಾಸ್ತ್ರವಲ್ಲ, ಶಕುನ” ಎಂದು ಅಂಚಿನಲ್ಲಿ ಗೀಚಿ ವಾಪಸು ಕೊಟ್ಟರಂತೆ. ಅದನ್ನು ಕ್ಲಾಸಿನಲ್ಲಿ ಹೇಳಿಕೊಂಡು ಅವರೇ ನಗುತ್ತಿದ್ದರು. 

ಮೊದಲ ಪರೀಕ್ಷೆಯಲ್ಲಿ ನಾನು ಬರೆದ ಉತ್ತರ ಅವರಿಗೆ ಓದಲಾಗಲಿಲ್ಲ. ಗೆರೆಯಿಲ್ಲದ ಬೆರಳಲ್ಲಿ ಪೆನ್ನು ಜಾರುತ್ತಿತ್ತು. ಕರೆದು ಕೇಳಿದರು, “ಇನ್ನೂ ಓದಬೇಕಾ?”

“ಹೂಂ ಸಾರ್.”

“ಆಗಲ್ಲ ಅಂತ ಹೇಳಿದೀನಲ್ಲ.”

“ನೀವು ಹೇಳಿದ್ದು ಕೈಗೆ ಸಾರ್. ನನಗಲ್ಲ.”

ಮೊದಲ ಸಲ ನನ್ನ ಮುಖ ನೋಡಿದರು. “ಶನಿವಾರ ಮಧ್ಯಾಹ್ನ ಬಾ. ಅಕ್ಷರ ಕಲಿಸ್ತೀನಿ” ಎಂದರು.

ಅವರಿದ್ದದ್ದು ರೈಲು ಹಳಿಯ ಪಕ್ಕದ ಒಂದು ಜಗುಲಿ ಕೋಣೆ. ಬಾಗಿಲು ಬೀದಿಗೆ ತೆರೆದೇ ಇರುತ್ತಿತ್ತು. ಮನೆಯೊಡತಿ, ವಯಸ್ಸಾದ ಹೆಂಗಸು, ಬಾಗಿಲಲ್ಲೇ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳಿದ್ದಾಳೆ ಎಂದೇ ನನ್ನಜ್ಜಿ ನನ್ನನ್ನು ಅಲ್ಲಿಗೆ ಬಿಟ್ಟದ್ದು. ಬೆಳಗಿನ ಕ್ಲಾಸು ಮುಗಿಸಿ ಮಧ್ಯಾಹ್ನದ ಚಿಕ್ಕ ರೈಲು ಬರುವವರೆಗೆ ಎರಡು ತಾಸು ಸಿಗುತ್ತಿತ್ತು.

ಒಳಗಿನ ಗೋಡೆ ತುಂಬ ಒಂದೇ ನಕ್ಷೆ. ಏಡನ್, ಕರಾಚಿ, ಕೊಲಂಬೊ, ಕಾಲಿಂಪಾಂಗ್, ರಂಗೂನ್, ಹೀಗೆ ಸುಮಾರು ನಲವತ್ತು ಊರುಗಳ ಮೇಲೆ ಜಾಲಿಮುಳ್ಳು ಚುಚ್ಚಿ, ಒಂದೊಂದು ಮುಳ್ಳಿನಿಂದಲೂ ಹಸಿ ರೇಷ್ಮೆಯ ಎಳೆಯೊಂದನ್ನು ಎಳೆದು ಚಿಂತಾಮಣಿಯ ಮುಳ್ಳಿಗೆ ಕಟ್ಟಿದ್ದರು. ಕಿಟಕಿಯ ಬೆಳಕಿಲ್ಲದಿದ್ದರೆ ಎಳೆಗಳು ಕಾಣಿಸುತ್ತಿರಲಿಲ್ಲ, ಬರಿಯ ಮುಳ್ಳು ಕಾಣುತ್ತಿತ್ತು. ರೈಲು ಹಾದಾಗ ಗೋಡೆ ಅದುರಿ ನಲವತ್ತು ಎಳೆಯೂ ಒಟ್ಟಿಗೆ ಕಂಪಿಸುತ್ತಿದ್ದವು. ಆಗ ಮೇಷ್ಟ್ರು ಮಾತು ನಿಲ್ಲಿಸಿ ಅತ್ತ ತಿರುಗುತ್ತಿದ್ದರು. ಮನೆಯೊಡತಿಯೂ ಮೊರ ಕೆಳಗಿಡುತ್ತಿದ್ದಳು. ರೈಲು ಹೋದ ಮೇಲೆಯೇ ಮುಂದಿನ ಮಾತು.

ಅಕ್ಷರ ಕಲಿಸಿದ್ದು ಕಾರ್ಡು ಬರೆಸಿ. ಆಗ ಜವಾಬು ಕಾರ್ಡು ಎಂದು ಬರುತ್ತಿತ್ತು, ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡಿರುವುದು. ಒಂದರಲ್ಲಿ ನಾವು ಬರೆಯುವುದು, ಇನ್ನೊಂದರ ಮೇಲೆ ನಮ್ಮದೇ ವಿಳಾಸ ಬರೆದು ಖಾಲಿ ಬಿಡುವುದು. ಅತ್ತಲಿನವರು ಅದನ್ನು ಹರಿದು, ಉತ್ತರ ಬರೆದು ಡಬ್ಬಿಗೆ ಹಾಕಿದರಾಯಿತು. ಆ ನಲವತ್ತು ಊರುಗಳ ಒಬ್ಬೊಬ್ಬ ವ್ಯಾಪಾರಿಗೂ ತಿಂಗಳಿಗೊಂದು ಕಾರ್ಡು ಹೋಗುತ್ತಿತ್ತು. ನಿಮ್ಮಲ್ಲಿ ನೂಲಿನ ಧಾರಣೆ ಏನು, ಉಣ್ಣೆ ಬರುತ್ತಿದೆಯೆ, ಉಪ್ಪು ಯಾವ ದಾರಿಯಿಂದ ಬರುತ್ತಿದೆ, ನೀವು ಕ್ಷೇಮವೆ. ಇಷ್ಟೇ. ಮೇಷ್ಟ್ರು ಹೇಳುವರು, ನಾನು ಇಂಗ್ಲಿಷಿನಲ್ಲಿ ಬರೆಯುವೆ. ಜವಾಬಿನ ಭಾಗದ ಮೇಲೆ ಕಾಲೇಜಿನ ವಿಳಾಸ, ಅದೂ ನನ್ನದೇ ಕೈಯಲ್ಲಿ.

ಹೀಗಾಗಿ ನಾನು ಹೆಸರು ಕೇಳದ ಊರುಗಳಿಂದ, ಯಾರದೋ ಬೆವರು, ಯಾರದೋ ಎಣ್ಣೆಯ ಕಲೆ ಮೆತ್ತಿಕೊಂಡು, ನನ್ನ ಅಕ್ಷರವೇ ನನ್ನ ಕಡೆಗೆ ವಾಪಸು ಬರುತ್ತಿತ್ತು. ಮೊದಮೊದಲು ಅದೊಂದು ಹೆಮ್ಮೆ. ಆಮೇಲೆ ಏನೋ ಅಳುಕು. ನಾನು ಶಿಡ್ಲಘಟ್ಟ ದಾಟಿ ಚಿಂತಾಮಣಿಗೆ ಬಂದದ್ದೇ ದೊಡ್ಡದು, ನನ್ನ ಕೈ ಮಾತ್ರ ಎಲ್ಲೆಲ್ಲೋ ಹೋಗಿ ಬರುತ್ತಿತ್ತು.

ಬರೆಯುವ ಡೆಸ್ಕಿನ ಮುಂದೆ ಎರಡು ಮಣೆಗಳಿದ್ದವು. ಒಂದು ನನ್ನದು. ಇನ್ನೊಂದರ ಪಕ್ಕ ಮಸಿಕುಡಿಕೆ, ಕಡ್ಡಿಪೆನ್ನು. ಮಸಿ ಯಾವಾಗಲೂ ಹಸಿಯಾಗಿರುತ್ತಿತ್ತು. ಒಂದು ದಿನ ಬೆಳಕಿಗೆಂದು ಆ ಕಡೆ ಸರಿದೆ.

“ಅಲ್ಲಿ ಬೇಡಮ್ಮ” ಎಂದರು.

“ಯಾಕೆ ಸಾರ್?”

“ಅಲ್ಲಿ ಬರೆಯೋರಿದ್ದಾರೆ.”

ಇದ್ದರು ಅನ್ನಲಿಲ್ಲ. ನಾನು ಹಿಂದಕ್ಕೆ ಸರಿದೆ. ಬಾಗಿಲಲ್ಲಿದ್ದ ಮನೆಯೊಡತಿ ನನ್ನನ್ನು ನೋಡಿ, ನಾನಿದನ್ನು ಎಷ್ಟೋ ಸಲ ಕೇಳಿದೀನಿ ಎನ್ನುವ ಹಾಗೆ ತಲೆಯಾಡಿಸಿದಳು.

ನಲವತ್ತು ಕಾರ್ಡುಗಳಲ್ಲಿ ಒಂದನ್ನು ಮಾತ್ರ ಅವರು ನನ್ನ ಕೈಯಲ್ಲಿ ಬರೆಸುತ್ತಿರಲಿಲ್ಲ, ರಂಗೂನಿನದು. ಅದನ್ನು ನಾನು ಹೋದ ಮೇಲೆ ಬರೆಯುತ್ತಿದ್ದರು. ರಂಗೂನಿನಿಂದ ಜವಾಬು ಬಂದದ್ದನ್ನು ನಾನು ನೋಡಲಿಲ್ಲ. ಆ ಎಳೆಯನ್ನು ಅವರು ತೆಗೆದದ್ದನ್ನೂ ನೋಡಲಿಲ್ಲ.

ಒಂದು ಭಾನುವಾರ ನಮ್ಮ ಶೆಡ್ಡು ನೋಡಲು ಬಂದರು. ಗೂಡಿನ ಹುಳು ಬೆಂದ ವಾಸನೆಗೆ ಹೊಸಬರು ಮೂಗು ಮುಚ್ಚುತ್ತಾರೆ, ಇವರು ಮುಚ್ಚಲಿಲ್ಲ. ಅಜ್ಜಿ ಗೂಡು ಆರಿಸುತ್ತಿದ್ದಳು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಅವಳ ಪದ್ಧತಿ. ಒಳಗೆ ಕಟಕಟ ಎಂದರೆ ಹುಳು ಸರಿಯಾಗಿ ಕೋಶವಾಗಿ ಗಟ್ಟಿಯಾಗಿದೆ, ಗೂಡು ಒಳ್ಳೆಯದು. ಸದ್ದಿಲ್ಲದಿದ್ದರೆ ಒಳಗೇ ಕರಗಿ ಗೋಡೆಗೆ ಅಂಟಿಕೊಂಡಿದೆ. ಮೇಷ್ಟ್ರು ಮಂಡಿಯೂರಿ ಕೂತು, “ನಾನೂ ಕೇಳಲಾ ತಾಯಿ?” ಎಂದರು.

ಅಜ್ಜಿ ಒಂದು ಬೊಗಸೆ ಕೊಟ್ಟಳು. ಅವರು ಕಣ್ಣು ಮುಚ್ಚಿ ಒಂದೊಂದನ್ನೇ ಅಲ್ಲಾಡಿಸಿ ಎರಡು ರಾಶಿ ಮಾಡಿದರು. ತಪ್ಪಿಲ್ಲ. ಒಂದು ಗೂಡನ್ನು ಮಾತ್ರ ಎರಡರಲ್ಲೂ ಹಾಕದೆ ಅಂಗೈಯಲ್ಲಿ ಇಟ್ಟುಕೊಂಡರು. “ಇದರಲ್ಲಿ ಇಬ್ಬರಿದ್ದಾರೆ” ಎಂದರು.

ಅಜ್ಜಿ ಅದನ್ನು ಕಿತ್ತುಕೊಂಡು ಕಿವಿಗಿಟ್ಟಳು. ಜೋಡಿಗೂಡು. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದರೆ ಎಳೆ ಬಿಚ್ಚುವುದಿಲ್ಲ, ಯಾವುದು ಯಾರದೆಂದು ಗೊತ್ತಾಗದೆ ಸಿಕ್ಕಾಗುತ್ತದೆ. ಅದನ್ನು ಸದ್ದಿನಲ್ಲೇ ಗುರುತಿಸಲು ಅಜ್ಜಿಗೆ ಮೂವತ್ತು ವರ್ಷ ಹಿಡಿದಿತ್ತು. ಮೇಷ್ಟ್ರು ಹೋದ ಮೇಲೆ ಅವಳು ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದಳು, “ಆವಯ್ಯನ ತಾವ ಹುಷಾರು ಪಿಲ್ಲಾ. ಆ ಕಿವಿ ಒಳ್ಳೇದಲ್ಲ. ಸತ್ತೋರ ಸದ್ದು ಕೇಳಿ ಅಭ್ಯಾಸ ಆಗೈತೆ ಅದಕ್ಕೆ.” ತೆಲುಗು ಬೆರೆಸಿ ಮಾತಾಡುವ ಅವಳ ಬಾಯಲ್ಲಿ ನಾನು ಯಾವಾಗಲೂ ಪಿಲ್ಲ, ಹುಡುಗಿ.

ಕಾಲಿಂಪಾಂಗಿನಲ್ಲಿ ಒಬ್ಬ ಉಣ್ಣೆ ವ್ಯಾಪಾರಿ ಇದ್ದ. ಬೆಟ್ಟದಾಚೆಯ ಟಿಬೆಟ್ಟಿನಿಂದ ಹೇಸರಗತ್ತೆಯ ಮೇಲೆ ಬರುವ ಉಣ್ಣೆ ಅವನ ಸರಕು. ಧಾರಣೆಗಿಂತ ಹರಟೆಯನ್ನೇ ಹೆಚ್ಚು ಬರೆಯುವವನು. ಅವನ ಹಲ್ಲುನೋವು, ಮಗಳ ಗಂಡನ ಸೋಮಾರಿತನ, “ನಿಮ್ಮ ಗುಮಾಸ್ತನ ಅಕ್ಷರ ಸುಧಾರಿಸಿದೆ, ಸಂಬಳ ಜಾಸ್ತಿ ಮಾಡಿ” ಎಂಬ ತಮಾಷೆ. ಅರವತ್ತೆರಡರ ಬೇಸಿಗೆ ಕಳೆದ ಮೇಲೆ ಅವನ ಕಾರ್ಡು ಬದಲಾಯಿತು. ಗೌರವಾನ್ವಿತ ಮಹಾಶಯರಿಗೆ ಎಂದು ಶುರು, ತಮ್ಮ ವಿಧೇಯ ಎಂದು ಕೊನೆ, ನಡುವೆ ಧಾರಣೆ ಮಾತ್ರ.

“ಒಳ್ಳೇ ಮರ್ಯಾದಸ್ಥ ಆಗಿಬಿಟ್ಟಿದಾನೆ ಸಾರ್” ಎಂದೆ.

ಮೇಷ್ಟ್ರು ಕಾರ್ಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ತಮಾಷೆಗೆ ಎಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. “ಅವನ ಪಕ್ಕದಲ್ಲಿ ಯಾರೋ ಕೂತಿದಾರಮ್ಮ. ತನ್ನ ಕಾಗದ ಇನ್ನೊಬ್ಬ ಓದ್ತಾನೆ ಅಂತ ಗೊತ್ತಾದ ದಿನ ಮನುಷ್ಯನಿಗೆ ಮರ್ಯಾದೆ ಬರುತ್ತೆ. ಮೊದಲು ಸಲಿಗೆ ಹೋಗುತ್ತೆ. ಆಮೇಲೆ ಸರಕು. ಜವಾಬು ನಿಲ್ಲೋದು ಕಟ್ಟಕಡೆಗೆ.”

ಗಣೇಶನ ಹಬ್ಬದ ಹೊತ್ತಿಗೆ ಅವನ ಜವಾಬು ನಿಂತಿತು. ಅದಾದ ಒಂದು ಶನಿವಾರ ರೈಲು ಹಾದಾಗ ಎಲ್ಲ ಎಳೆಗಳೂ ಕಂಪಿಸಿದವು, ಕಾಲಿಂಪಾಂಗಿನದು ಒಂದು ಬಿಟ್ಟು. ಗೋಡೆಯ ಆ ಭಾಗಕ್ಕೆ ಮಳೆಯ ತೇವ ಇಳಿದಿತ್ತು, ಎಳೆ ಸಡಿಲವಾಗಿತ್ತು, ಅಷ್ಟೇ ಇರಬೇಕು. ನಾನು ಇವತ್ತಿಗೂ ಹಾಗೇ ಅಂದುಕೊಳ್ಳುತ್ತೇನೆ. ಮೇಷ್ಟ್ರು ಎದ್ದು ಹೋಗಿ ಆ ಮುಳ್ಳು ಕಿತ್ತರು. ಎಳೆಯನ್ನು ಬೆರಳಿಗೆ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು. ಮನೆಯೊಡತಿ ಮೊರ ಎತ್ತಿಕೊಂಡು ಒಳಕ್ಕೆ ಹೋದವಳು ಮತ್ತೆ ಬಾಗಿಲಲ್ಲಿ ಕೂರಲಿಲ್ಲ.

ದಸರಾ ಕಳೆದು ದೀಪಾವಳಿ ಇನ್ನೂ ಬಂದಿರಲಿಲ್ಲ, ಚೀನಾ ಯುದ್ಧ ಶುರುವಾಯಿತು.

ಊರಲ್ಲಿ ಮಾತು ಹಬ್ಬಲು ಎಷ್ಟು ಹೊತ್ತು? ಗೋಡೆಗೆ ಮುಳ್ಳು ಚುಚ್ಚಿ ಮಾಟ ಮಾಡುತ್ತಾನೆ, ಮುಳ್ಳು ಕಿತ್ತ ಊರು ಉಳಿಯುವುದಿಲ್ಲ ಎಂದು ಕೆಲವರು. ಓದಿದವರು ಇನ್ನೂ ಕೆಟ್ಟದ್ದು ಹೇಳಿದರು: ಗಡಿಗೆ ಗುಟ್ಟು ಬರೆಯುತ್ತಾನೆ. ಒಂದು ಬೆಳಿಗ್ಗೆ ಪ್ರಿನ್ಸಿಪಾಲರು ನನ್ನನ್ನು ಕ್ಲಾಸಿನಿಂದ ಕರೆಸಿದರು. ಅವರ ಮೇಜಿನ ಮುಂದೆ ಮಫ್ತಿಯಲ್ಲಿ ಒಬ್ಬ ಇನ್ಸ್‌ಪೆಕ್ಟರು. ಮೇಜಿನ ಮೇಲೆ ಸೆಣಬಿನ ದಾರ ಕಟ್ಟಿದ ಒಂದು ಕಂತೆ ಕಾರ್ಡು, ಅಂಚೆ ಕಚೇರಿಯಲ್ಲೇ ತಡೆದು ತಂದದ್ದು. ಎಲ್ಲವೂ ನನ್ನ ಅಕ್ಷರ. ಪಕ್ಕದಲ್ಲಿ ಆ ವರ್ಷದ ಪರೀಕ್ಷೆಗೆ ಗುಮಾಸ್ತರು ತುಂಬಿದ್ದ ಅರ್ಜಿಗಳು. ಮೇಲಿನದು ನನ್ನದು, ಪ್ರಿನ್ಸಿಪಾಲರ ಸಹಿ ಬಿದ್ದಿರಲಿಲ್ಲ. ಗುಮಾಸ್ತರು ಗೋಡೆಗೆ ಒರಗಿ ನಿಂತಿದ್ದರು. ಮೇಷ್ಟ್ರು ಕುರ್ಚಿಯಲ್ಲಿದ್ದರು, ಕೈ ತೊಡೆಯ ಮೇಲೆ ನಡುಗುತ್ತಿತ್ತು.

“ಹೆದರ್ಕೋಬೇಡಮ್ಮ” ಎಂದರು ಇನ್ಸ್‌ಪೆಕ್ಟರು. ಒಳ್ಳೆಯ ಮನುಷ್ಯನ ಹಾಗೆಯೇ ಇದ್ದರು. “ಬರೆದದ್ದು ಯಾರು, ಅಷ್ಟು ಹೇಳು ಸಾಕು.”

“ಇವಳೇ ಆದರೆ ಅರ್ಜಿ ಕಳಿಸಲ್ಲ” ಎಂದು ಪ್ರಿನ್ಸಿಪಾಲರು ಹಣೆ ಒರೆಸಿಕೊಂಡರು. “ಕಾಲೇಜಿಗೆ ಬಾಗಿಲು ಹಾಕಿಸಿಬಿಡ್ತಾರೆ ನನ್ನ ಕೈಲಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಹೇಳಿದರು, “ಎಲ್ಲಾ ನಾನೇ ಬರೆದದ್ದು.”

“ನಿಮ್ಮ ಕೈ ನೋಡ್ತಾ ಇದೀನಲ್ಲ ಸ್ವಾಮಿ. ಇದು ಹೆಣ್ಣುಮಕ್ಕಳ ಅಕ್ಷರ.”

“ಪೆನ್ನು ಕೊಡಿ.”

ಕೊಟ್ಟರು. ಮೇಷ್ಟ್ರು ಪೆನ್ನು ಹಿಡಿದರು, ಕೈ ನಿಂತಿತು. ಎರಡು ವರ್ಷದಲ್ಲಿ ಆ ಕೈ ಸುಮ್ಮನಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಬಿಳಿ ಹಾಳೆಯ ಮೇಲೆ ಒಂದೊಂದೇ ಅಕ್ಷರ ಇಳಿಯಿತು: ನಿಮ್ಮಲ್ಲಿ ನೂಲಿನ ಧಾರಣೆ ಏನು, ನೀವು ಕ್ಷೇಮವೆ. ಸಾಲು ಬಲಕ್ಕೆ ಹೋಗುತ್ತ ಸ್ವಲ್ಪ ಮೇಲೇರುವುದು ನನ್ನ ದೋಷ. ಪದದ ಕೊನೆಯ ಬಾಲವನ್ನು ಒತ್ತಿ ಮೊಟಕು ಮಾಡುವುದು ನನ್ನ ಸುಲಿದ ತೋರುಬೆರಳಿನ ದೋಷ. ಎರಡೂ ಹಾಗೇ ಬಂದವು. ನಾನು ನಿಂತಲ್ಲೇ ನಿಂತಿದ್ದೆ, ನನ್ನ ಕೈ ನನ್ನ ಪಕ್ಕದಲ್ಲೇ ಜೋತುಬಿದ್ದಿತ್ತು, ನನ್ನ ಅಕ್ಷರ ಅಲ್ಲಿ ಇನ್ನೊಬ್ಬರ ಬೆರಳಿನಿಂದ ಹೊರಗೆ ಬರುತ್ತಿತ್ತು. ಆ ಕ್ಷಣ ಯಾರಾದರೂ ಕೇಳಿದ್ದರೆ, ನಾನು ಬರೆದಿಲ್ಲ ಎಂದು ಸುಳ್ಳಿಲ್ಲದೆ ಹೇಳುತ್ತಿದ್ದೆನೇನೋ.

ಇನ್ಸ್‌ಪೆಕ್ಟರು ಹಾಳೆಯನ್ನೂ ಕಾರ್ಡನ್ನೂ ಜೋಡಿಸಿ ನೋಡಿದರು. “ನೀನೂ ಒಂದು ಸಾಲು ಬರಿಯಮ್ಮ” ಎಂದರು.

“ಅವಳ ಕೈ ನೋಡಿ ಮೊದಲು” ಎಂದರು ಮೇಷ್ಟ್ರು. “ಅದು ಬರೆಯೋ ಕೈಯಲ್ಲ. ಸೇರಿದ ದಿನವೇ ನಾನು ಹೇಳಿದೀನಿ. ಗುಮಾಸ್ತರನ್ನ ಕೇಳಿ.”

ಹಿಂದಿನ ದಿನ ಬಾಣಲೆ ಚೆಲ್ಲಿ ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದೆ. ಅದನ್ನು ಮೇಲೆತ್ತಿದೆ. ಎಲ್ಲರೂ ಗುಮಾಸ್ತರನ್ನು ನೋಡಿದರು.

“ಹೌದು ಸಾರ್. ನನ್ನೆದುರೇ ಅಂದಿದ್ರು, ಈ ಕೈಯಲ್ಲಿ ಆಗಲ್ಲ ಅಂತ. ನೆನಪಿಟ್ಟುಕೊಳ್ಳಿ ಅಂತಲೂ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಮೇಷ್ಟ್ರನ್ನು ಒಂದು ಸಲ ನೋಡಿ, ನೆಲ ನೋಡಿದರು.

ನನ್ನ ಅರ್ಜಿಗೆ ಸಹಿ ಬಿತ್ತು. ಮೇಷ್ಟ್ರನ್ನು ನಾಲ್ಕು ದಿನ ಕರೆದು ಕೇಳಿದರು. ಧಾರಣೆ ಬಿಟ್ಟು ಕಾರ್ಡುಗಳಲ್ಲಿ ಏನೂ ಸಿಗದೆ, ತಲೆ ಸರಿಯಿಲ್ಲದ ವಿದ್ವಾಂಸ ಎಂದು ಬಿಟ್ಟುಬಿಟ್ಟರು. ಕೆಲಸ ಹೋಯಿತು. ಊರು ಬಿಡುವ ದಿನ ಸ್ಟೇಷನ್ನಿನಲ್ಲಿ ಸಿಕ್ಕಿದರು, ಬಗಲಲ್ಲಿ ಸುರುಳಿ ಸುತ್ತಿದ ನಕ್ಷೆ. ನನ್ನ ಅಕ್ಷರ ಯಾವಾಗ ಕಲಿತಿರಿ ಸಾರ್ ಎಂದು ಕೇಳಿದೆ.

“ನೀನು ಬರೆಯೋಕೆ ಶುರು ಮಾಡಿದ ತಿಂಗಳೇ” ಎಂದರು. “ರಂಗೂನಿನಲ್ಲಿ ನಾನು ಪಾಠ ಹೇಳ್ತಿದ್ದೆ. ಕಾಗದ ಬರೆದುಕೊಡೋಕೆ ಒಬ್ಬ ಗುಮಾಸ್ತ ಇದ್ದ, ನಿನ್ನಷ್ಟೇ ವಯಸ್ಸು. ಅಂಗಡಿಯವರ ಜವಾಬು ನಿಂತ ಕೂಡಲೇ ನಾನು ಗಂಟು ಕಟ್ಟಿದೆ. ಅವನು ನಂಬಲಿಲ್ಲ, ಉಳಿದುಕೊಂಡ. ಮಹಾಯುದ್ಧ ಬಂದು ಊರು ಕೈ ಬದಲಾಯಿತು. ಬಂದೋರು ಕಾಗದಗಳನ್ನ ಹುಡುಕಿ ತೆಗೆದು, ಅಕ್ಷರ ಯಾರದು ಅಂತ ಕೇಳಿದ್ರಂತೆ. ಬರೆಸಿದ್ದು ನಾನು, ಹೋದದ್ದು ಅವನು. ನನ್ನ ಕೈ ನಡುಗದೇ ಇದ್ದಿದ್ರೆ ನಿನ್ನ ಕೈಲಿ ಬರೆಸ್ತಾ ಇರಲಿಲ್ಲ.”

“ಮತ್ತೆ, ಸೇರಿದ ದಿನವೇ ಗುಮಾಸ್ತರ ಮುಂದೆ ಹಾಗಂದಿರಲ್ಲ ಸಾರ್, ಅದು?”

ರೈಲು ಬಂತು. ಅವರು ಹತ್ತಿ ಕೂತರು.

ಸುದ್ದಿ ನಮ್ಮ ಶೆಡ್ಡಿಗೂ ಮುಟ್ಟಿತು. “ಪೊಲೀಸರ ತಂಕ ಹೋಯ್ತಲ್ಲ. ಇನ್ನು ರೈಲು ಹತ್ತಿದ್ರೆ ಈ ಬಾಗಿಲಿಗೆ ಬರಬೇಡ” ಎಂದ ಮಾವ. ಅಜ್ಜಿಯ ಕಡೆ ತಿರುಗಿದ. “ಅವಳ ಬಾಣಲೆ ಯಾರು ನೋಡ್ತಾರೆ? ದೆವ್ವ ಹಿಡಿದೋನ ಹತ್ರ ಓದಿ ಇವಳಿಗೇನು ಕೊಂಬು ಬರುತ್ತಾ?”

ಅಜ್ಜಿ ಗೂಡು ಆರಿಸುವುದನ್ನು ನಿಲ್ಲಿಸಲಿಲ್ಲ. “ಅವಳ ಬಾಣಲೆ ನಾನು ನೋಡ್ತೀನಿ ಕಣೋ. ನಂದು ಒಂದು, ಅವಳದು ಒಂದು. ಆವಯ್ಯ ಅಂದ್ರೆ ನಂಗೂ ಭಯಾನೇ. ಆವಯ್ಯ ಸುಳ್ಳು ಹೇಳಿ ಉಳಿಸಿದ ಪಿಲ್ಲನ, ನೀನು ನಿಜ ಹೇಳಿ ಮುಳುಗಿಸಬ್ಯಾಡ.” ಮಾಗಿ ಚಳಿಯಿಂದ ಪರೀಕ್ಷೆ ಮುಗಿಯುವವರೆಗೆ ಅರವತ್ತು ದಾಟಿದ ಆ ಮುದುಕಿ ಎರಡು ಬಾಣಲೆಯ ನಡುವೆ ಕೂತು ಎರಡು ಕೈಯಲ್ಲಿ ಎಳೆ ಹುಡುಕಿದಳು. ನನ್ನ ಪದವಿಯ ಬೆಲೆ ಕೇಳಿದವರಿಗೆ ನಾನು ಇದನ್ನೇ ಹೇಳುತ್ತೇನೆ.

ಪರೀಕ್ಷೆ ಬರೆದ ಮೇಲೆ ಒಮ್ಮೆ ಮೇಷ್ಟ್ರನ್ನು ನೋಡಲು ಹೋದೆ. ಗೌರಿಬಿದನೂರಿನಲ್ಲಿ ಬಸ್ಸು ಬದಲಿಸಿ ನಗರಗೆರೆ. ದಾಯಾದಿಯೊಬ್ಬರ ಮನೆಯ ಹಿತ್ತಲ ಕೋಣೆಯಲ್ಲಿದ್ದರು. ಆಂಧ್ರದ ಗಡಿ ಅಲ್ಲಿಂದ ಕೂಗಳತೆ. “ಅಂತರರಾಷ್ಟ್ರೀಯ ಹೋಗಿ ಅಂತರರಾಜ್ಯ ಆಗಿದೀನಿ” ಎಂದು ನಕ್ಕರು. ದನದ ವ್ಯಾಪಾರ ನಡೆಯುವ ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿ ಇಬ್ಬರು ಕೈಗಳ ಮೇಲೆ ಟವೆಲ್ಲು ಹಾಕಿಕೊಂಡು, ಒಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದರು. ಮೇಲೆ ಬಾಯಲ್ಲಿ ಮಳೆ, ಬೆಳೆ, ಮದುವೆ.

“ಎಲ್ಲಾ ಒಪ್ಪಂದವೂ ಇಷ್ಟೇ ಕಣಮ್ಮ. ನಾವು ಟವೆಲ್ಲಿನ ಮೇಲಿನದನ್ನು ಓದಿ ಪರೀಕ್ಷೆ ಪಾಸು ಮಾಡ್ತೀವಿ.”

“ನಾನು ಪಾಸಾಗ್ತೀನಾ ಸಾರ್? ಈಗಲೂ ಆಗಲ್ಲ ಅಂತೀರಾ?”

“ಫಲಿತಾಂಶ ಬಂದ ದಿನ ನನಗೊಂದು ಜವಾಬು ಕಾರ್ಡು ಹಾಕು. ಆ ಮಾತನ್ನ ವಾಪಸು ತಗೊಂಡು ಬರೀತೀನಿ. ಜ್ಞಾಪಕ ಇರಲಿ, ಜವಾಬು ಬರದಿದ್ರೆ ಗಾಬರಿಯಾಗಬೇಡ. ಕೆಲವು ಜವಾಬು ದಾರಿಯಲ್ಲಿ ತಡ ಆಗುತ್ತೆ.”

ಎರಡನೇ ದರ್ಜೆಯಲ್ಲಿ ಪಾಸಾದೆ. ನಮ್ಮ ವಂಶದಲ್ಲಿ ಹಿಂದೆ ಯಾರೂ ಮಾಡದ್ದನ್ನು ಮಾಡಿದ್ದೆ. ಆ ದಿನವೇ ಕಾರ್ಡು ಹಾಕಿದೆ. ಜವಾಬು ಬರಲಿಲ್ಲ. ಮೂರು ವಾರದ ಮೇಲೆ ದಾಯಾದಿಯ ಕಾಗದ ಬಂತು: ಫಲಿತಾಂಶಕ್ಕೆ ಒಂದು ವಾರ ಮೊದಲೇ ಮೇಷ್ಟ್ರು ತೀರಿಕೊಂಡಿದ್ದರು. ಪ್ರಬಂಧವನ್ನು ಗೆದ್ದಲು ತಿಂದಿತ್ತು. ಮುಳ್ಳು ಚುಚ್ಚಿದ ನಕ್ಷೆಯನ್ನು ಮನೆಯಲ್ಲಿಡಲು ಹೆಂಗಸರು ಒಪ್ಪದೆ ಅದನ್ನೂ ಅವರ ಜೊತೆಗೇ ಸುಟ್ಟರಂತೆ. ಉಳಿದಿದ್ದ ಎಳೆಗಳೆಲ್ಲ ಒಟ್ಟಿಗೆ.

ಸರ್ಟಿಫಿಕೇಟು ಬಂದಿದೆ ಎಂದು ಕಾಲೇಜಿನಿಂದ ಹೇಳಿಕಳಿಸಿದಾಗ ಚಳಿಗಾಲ. ಗುಮಾಸ್ತರು ಕಟಕಟೆಯ ಮೇಲೆ ಅದನ್ನಿಟ್ಟು, ನನ್ನ ಹೆಸರನ್ನು ಜೋರಾಗಿ ಓದಿ, “ಲಗ್ನಪತ್ರಿಕೆಗಿಂತ ದಪ್ಪ ಇದೆ ಕಣಮ್ಮ” ಎಂದರು. ಸೋತವರ ಮಾತು, ಆದರೆ ಪ್ರೀತಿಯಿಂದ ಆಡಿದ್ದು. ಆಮೇಲೆ ಸ್ವರ ತಗ್ಗಿಸಿ, “ಇನ್ನೊಂದಿದೆ. ಇದೂ ನಿಂದೇ ಇರಬೇಕು. ನಾನು ಯಾರಿಗೂ ತೋರಿಸಿಲ್ಲ” ಎಂದು ಡ್ರಾಯರಿನಿಂದ ಒಂದು ಕಾರ್ಡು ತೆಗೆದರು.

ಜವಾಬಿನ ಅರ್ಧ. ರಂಗೂನಿನ ಮೊಹರು. ವಿಳಾಸ ನನ್ನ ಕೈಯಲ್ಲಿತ್ತು. ಸಾಲು ಮೇಲೇರಿತ್ತು, ಬಾಲ ಮೊಟಕಾಗಿತ್ತು. ರಂಗೂನಿಗೆ ನಾನು ಒಂದೇ ಒಂದು ಕಾರ್ಡನ್ನೂ ಬರೆದಿರಲಿಲ್ಲ. ಅವರು ನನ್ನ ಅಕ್ಷರ ಕಲಿತದ್ದು ಆ ಕಾರ್ಡುಗಳ ಮೇಲೆಯೇ ಇರಬೇಕು ಎಂದು ಕಟಕಟೆಯ ಮುಂದೆ ನಿಂತು ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಹಿಂದೆ ತಿರುಗಿಸಿದೆ. ಒಂದು ಅಕ್ಷರವೂ ಇರಲಿಲ್ಲ. ಇಪ್ಪತ್ತು ವರ್ಷ ಸುಮ್ಮನಿದ್ದ ವಿಳಾಸದಿಂದ ಯಾರೋ ಅದನ್ನು ಹರಿದು, ಏನೂ ಬರೆಯದೆ, ಡಬ್ಬಿಗೆ ಹಾಕಿದ್ದರು.

ಅದನ್ನು ಸರ್ಟಿಫಿಕೇಟಿನ ಸುರುಳಿಯೊಳಗೆ ಸೇರಿಸಿಕೊಂಡೆ. ರೈಲಿನಲ್ಲಿ ಇಡೀ ದಾರಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಜಾಗ ಖಾಲಿಯಿತ್ತು, ಆ ಕಡೆ ಸರಿಯಲಿಲ್ಲ.

ಶೆಡ್ಡಿನಲ್ಲಿ ಅಜ್ಜಿ ಗೂಡಿನ ರಾಶಿಯ ಮುಂದೆ ಇದ್ದಳು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕಾರ್ಡಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. “ತಗೋ ಅಜ್ಜಿ, ನಿನ್ನ ಎರಡು ಬಾಣಲೆಯದು” ಎಂದು ಸುರುಳಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಸೆರಗಿನಲ್ಲಿ ಕೈ ಒರೆಸಿ ತಗೊಂಡಳು. ಓದು ಬಾರದವಳು, ಬಿಚ್ಚಿ ನೋಡಲಿಲ್ಲ. ತನಗೆ ಗೊತ್ತಿದ್ದ ರೀತಿಯಲ್ಲಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಇನ್ನೊಂದು ಸಲ ಅಲ್ಲಾಡಿಸಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಅದನ್ನು ಒಳ್ಳೆಯ ಗೂಡಿನ ರಾಶಿಯ ಕಡೆಗೂ ಇಡದೆ, ಇನ್ನೊಂದರ ಕಡೆಗೂ ಇಡದೆ, ತನ್ನ ಮಡಿಲಲ್ಲಿಟ್ಟುಕೊಂಡು ನನ್ನನ್ನು ನೋಡಿದಳು.

“ಜೋಡಿಗೂಡು ಕಣೇ ಇದು. ಒಳಗೆ ಇಬ್ರವ್ರೆ.”